ಕಾಮನಕುಂಟೆ ಏರಿಯ ಪಟ್ಟೆ ಕಲ್ಲುಗಳು

ಕೆಲಸವಿಲ್ಲದೆ ನಡೆಯುವವರನ್ನು ಕಂಡರೆ ಕದಿರಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಮನುಷ್ಯ ನಡೆಯುವುದು ಯಾತಕ್ಕೆ? ಹೊಲಕ್ಕೆ ಹೋಗಬೇಕು, ನಡೆಯುತ್ತಾನೆ. ಸಂತೆಗೆ ಹೋಗಬೇಕು, ಬಸ್ಸಿಗೆ ಕಾಸಿಲ್ಲ, ನಡೆಯುತ್ತಾನೆ. ಹೆಣ ಹೊರಬೇಕು, ನಡೆಯುತ್ತಾನೆ. ವಾರವಿಡೀ ಕಾರಿನಲ್ಲಿ ಕೂತು ತಿರುಗುವವರು ಭಾನುವಾರ ಬಂತೆಂದರೆ ಮೊಣಕಾಲವರೆಗೆ ಕಾಲುಚೀಲ ಏರಿಸಿ, ಕೈಗೊಂದು ದೊಣ್ಣೆ ಹಿಡಿದು, ಎಲ್ಲಿಗೂ ಹೋಗಬೇಕಾಗಿಲ್ಲದೆ ನಡೆದು, ಹೊರಟ ಜಾಗಕ್ಕೇ ಬಂದು ಸೇರುವುದನ್ನು ಏನೆಂದು ಕರೆಯಬೇಕು? ಗಾಣದೆತ್ತು ಹಾಗೆ ಸುತ್ತಿದರೆ ಒಂದಿಷ್ಟು ಎಣ್ಣೆಯಾದರೂ ಬರುತ್ತದೆ.

ಈ ರೋಗವನ್ನು ಚಿನ್ನದ ಗಣಿಯ ದೊರೆಗಳಿಗೆ ಅಂಟಿಸಿದವನು ಇಟಲಿಯವನು. ಬಿಯಾಂಕಿ ಅಂತ ಹೆಸರು. ಸುರಂಗ ಕುಸಿಯದಂತೆ ಮರದ ಆಸರೆ ಕೊಡಿಸುವ ಕೆಲಸಕ್ಕೆ ಅವನೇ ಮೇಲಧಿಕಾರಿ. ಆಗ ಗಣಿ ಇನ್ನೂ ಕಂಪನಿಯವರ ಕೈಯಲ್ಲೇ ಇತ್ತು. ಸರ್ಕಾರ ತೆಗೆದುಕೊಳ್ಳುತ್ತದಂತೆ ಎಂಬ ಮಾತು ರಾಬರ್ಟ್‌ಸನ್‌ಪೇಟೆಯ ಟೀ ಅಂಗಡಿಗಳಲ್ಲಿ ಮಾತ್ರ ಓಡಾಡುತ್ತಿತ್ತು. ಉಳಿದ ದೊರೆಗಳು ಒಳಗೊಳಗೇ ಪೆಟ್ಟಿಗೆ ಕಟ್ಟುವ ಯೋಚನೆಯಲ್ಲಿದ್ದರೆ, ಇವನಿಗೆ ಊರಿನ ಹುಚ್ಚು ನೆತ್ತಿಗೇರಿತ್ತು. ಎಲ್ಲಿ ಗುಡ್ಡ ಕಂಡರೂ ಅದು ಅವನ ಊರಿನ ಗುಡ್ಡ. ಎಲ್ಲಿ ನೀರು ಕಂಡರೂ ಅದು ಅವನ ಊರಿನ ಸರೋವರ.

ಕದಿರಪ್ಪ ಗಣಿಯ ಮರದ ಯಾರ್ಡಿನಲ್ಲಿ ದಿಮ್ಮಿ ಹೊರುತ್ತಿದ್ದ. ಮೂರನೇ ಕ್ಲಾಸಿನಲ್ಲಿ ತನ್ನನ್ನು ಬಾಗಿಲ ಹೊರಗೆ ಕೂರಿಸಿದ ಮೇಷ್ಟ್ರ ಮೇಲೆ ಸ್ಲೇಟು ಎಸೆದು ಬಂದವನು, ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಕ್ಯಾಸಂಬಳ್ಳಿ ಕಡೆಯ ಕಾಮನಕುಂಟೆಯ ಕೇರಿ ಅವನದು. ಒಂದು ಶನಿವಾರ ಮೇಸ್ತ್ರಿ ಕುಪ್ಪುಸ್ವಾಮಿ ಅವನನ್ನು ಕರೆದ.

"ಡೇಯ್ ಕದಿರಾ, ನಿಮ್ಮ ಕಡೆ ಗುಡ್ಡ, ಕೆರೆ ಎಲ್ಲಾ ಇದೆ ಅಲ್ಲ? ದೊರೆಗೆ ಬೇಕಂತೆ."

"ಯಾಕೆ, ಎತ್ಕೊಂಡೋಗ್ತಾನಾ?"

"ನೋಡ್ತಾರಂತೆ."

"ನೋಡಿ?"

"ನೋಡಿ ವಾಪಸ್ ಬರ್ತಾರಂತೆ. ನಿಂಗ್ಯಾಕಪ್ಪಾ? ಬಾಯಿ ಮುಚ್ಕೊಂಡು ಮುಂದೆ ನಡಿ. ದಿಮ್ಮಿ ಹೊರೋದಕ್ಕಿಂತ ದೊರೆ ತಿಂಡಿ ಬುಟ್ಟಿ ಹೊರೋದು ಮೇಲು ತಾನೇ?"

ಹೀಗೆ ಕದಿರಪ್ಪ ಆ ಭಾನುವಾರ ಇಟಲಿ ದೊರೆಯ ಮುಂದೆ ಬುಟ್ಟಿ ಹೊತ್ತು ನಡೆದ. ದೊರೆ ಹೆಜ್ಜೆಗೊಮ್ಮೆ ನಿಂತು ಆಹಾ ಅನ್ನುತ್ತಿದ್ದ. ರಾಗಿ ಹೊಲ ಕಂಡರೂ ಆಹಾ, ಹುಣಸೆ ಮರ ಕಂಡರೂ ಆಹಾ. ಗಣಿಯ ಕೂಲಿಯವರಿಂದ ಕಲಿತ ತಮಿಳಿಗೆ ಅಷ್ಟಿಷ್ಟು ಕನ್ನಡ ಬೆರೆಸಿ ಮಾತಾಡುತ್ತಿದ್ದ. ಬಾಯಲ್ಲಿ ಹೊಗೆಯಾಡುವ ಚುಂಗಾಣಿ ಬೇರೆ. ಗುಡ್ಡದ ಓರೆ ಇಳಿದು ಕಾಮನಕುಂಟೆಯ ಕೆರೆ ಕಂಡದ್ದೇ, ಅವನ ಕಣ್ಣಲ್ಲಿ ನೀರು ಬಂತು. ಕದಿರಪ್ಪ ಕೆರೆಯನ್ನು ನೋಡಿದ. ಅರ್ಧ ಕೆಸರು, ಅರ್ಧ ಎಮ್ಮೆ. ಇದಕ್ಕೆ ಅಳುವವನು ನಿಜವಾದ ಕೆರೆ ಕಂಡರೆ ಎದೆ ಒಡೆದು ಸಾಯಬೇಕು ಅಂದುಕೊಂಡ.

ದೊರೆ ಜೇಬಿನಿಂದ ಒಂದು ಬಣ್ಣದ ಚಿತ್ರ ತೆಗೆದು ತೋರಿಸಿದ. ಅವನ ಸೀಮೆಯಂತೆ. ಮಗ್ಗುಲು ಬದಲಿಸಿ ಮಲಗಿದ ಹಸುಗಳ ಹಾಗೆ ಒಂದರ ಹಿಂದೊಂದು ಹಸಿರು ದಿಣ್ಣೆ, ನಡುವೆ ನೀಲಿ ನೀರು, ನೀರಿನ ದಡಕ್ಕೆ ಹೆಂಚಿನ ಮನೆಗಳ ಸಣ್ಣಸಣ್ಣ ಊರು. ಊರಿಂದ ಊರಿಗೆ ದಿಣ್ಣೆ ಹತ್ತಿ ಇಳಿಯುವ ಬಿಳೀ ಕಾಲುದಾರಿ. ಆ ಚಿತ್ರದಲ್ಲಿ ಒಬ್ಬನೇ ಒಬ್ಬ ಬಗ್ಗಿ ಕೆಲಸ ಮಾಡುತ್ತಿರಲಿಲ್ಲ.

ಆ ದಾರಿಗಳಲ್ಲಿ ದಿನಗಟ್ಟಲೆ ನಡೆಯಬಹುದು ಎಂದ ದೊರೆ. ತಪ್ಪಿಹೋಗುವ ಭಯವಿಲ್ಲ. ಈಗೀಗ ಕಲ್ಲುಗಳ ಮೇಲೆ ಕೆಂಪು ಬಿಳಿ ಪಟ್ಟೆ ಬಳಿಯುತ್ತಾರೆ. ಪಟ್ಟೆ ನೋಡಿಕೊಂಡು ಹೋದರಾಯಿತು. ದಾರಿ ದ್ರಾಕ್ಷಿ ತೋಟದ ಒಳಗೇ ಹಾಯುತ್ತದೆ, ಮನೆಯ ಅಂಗಳದಲ್ಲೂ ಹಾಯುತ್ತದೆ.

ಬುಟ್ಟಿ ಹೊತ್ತು ಬಂದಾಗಿನಿಂದ ಕದಿರಪ್ಪ ಮೊದಲ ಸಲ ಬಾಯಿ ಬಿಟ್ಟ. "ತೋಟ ಯಾರ್ದು ಸ್ವಾಮಿ?"

"ಯಾರದಾದರೂ."

"ಅವ್ನು ಅಡ್ಡ ಬರಲ್ವಾ?"

"ಯಾಕೆ ಬರಬೇಕು? ದಾರಿ ಅವನ ತಾತನಿಗಿಂತ ಹಳೇದು. ಗೇಟು ತೆಗೆದರೆ ಮುಚ್ಚಿ ಹೋಗಬೇಕು, ಅಷ್ಟೇ."

"ಯಾರ್ ಬೇಕಾದ್ರೂ ಓಗ್ಬೌದಾ?"

"ಯಾರು ಬೇಕಾದರೂ. ಕುರಿಯವನು, ಪಾದ್ರಿ, ಕಳ್ಳ. ಯಾರು ಅಂತ ಯಾರೂ ಕೇಳೋದಿಲ್ಲ."

ಸುಳ್ಳು ಹೇಳುವುದಕ್ಕೂ ಒಂದು ಎಲ್ಲೆ ಬೇಡವೇ ಎಂದು ಕದಿರಪ್ಪ ಮನಸ್ಸಿನಲ್ಲೇ ನಕ್ಕ. ಆದರೆ ಆ ಮಾತು ಕಾಲಿಗೆ ಹೊಕ್ಕ ಜಾಲಿ ಮುಳ್ಳಿನ ಹಾಗೆ ಒಳಗೇ ಮುರಿದು ಕೂತಿತು.

ಯಾಕೆಂದರೆ ಕೇರಿಯಿಂದ ರಾಬರ್ಟ್‌ಸನ್‌ಪೇಟೆಯ ರಸ್ತೆಗೆ ಹೋಗಲು ಇದ್ದದ್ದು ಒಂದೇ ನೆಟ್ಟನೆಯ ದಾರಿ, ಕೆರೆ ಏರಿಯ ಮೇಲಿನದು. ಪಟೇಲ ಜಯರಾಮಪ್ಪ ಏರಿಯ ಕೆಳಗಿನ ಗದ್ದೆಗೆ ಹಿಪ್ಪುನೇರಳೆ ಹಾಕಿ, ರೇಷ್ಮೆ ಹುಳುವಿನ ಮನೆ ಕಟ್ಟಿಸಿದ ವರ್ಷವೇ ಆ ದಾರಿಗೆ ಮುಳ್ಳು ಬಡಿದಿದ್ದ. ಕೇರಿಯವರ ಗಾಳಿ ತಾಕಿದರೆ ಹುಳು ಸಾಯುತ್ತವಂತೆ. ಅಂದಿನಿಂದ ಕೇರಿಯ ಹೆಂಗಸರು ಸೊಪ್ಪು, ಸೌದೆ ಹೊತ್ತು ಗುಡ್ಡ ಬಳಸಿ ಹೋಗಬೇಕು. ಅವರು ಪೇಟೆ ಮುಟ್ಟುವ ಹೊತ್ತಿಗೆ ಸೊಪ್ಪು ಬಾಡಿ, ಕೊಳ್ಳುವವರು ಮನೆ ಸೇರಿರುತ್ತಿದ್ದರು. ಕದಿರಪ್ಪನ ತಾಯಿ ದೊಡ್ಡಮುನಿಯಮ್ಮ ಹೋದ ಮಳೆಗಾಲದಲ್ಲಿ ಗುಡ್ಡದ ಜಾರುಗಲ್ಲಿನ ಮೇಲೆ ಬಿದ್ದು ಮಂಡಿ ಊದಿಸಿಕೊಂಡವಳು, ಇನ್ನೊಂದು ಮಳೆಗಾಲ ಆ ದಾರಿಯಲ್ಲಿ ತಾಳುವುದು ಸಂದೇಹವಾಗಿತ್ತು. ಸೊಪ್ಪಿನ ಬುಟ್ಟಿ ಬಿಟ್ಟರೆ ಅವಳಿಗೆ ಪಟೇಲನ ಕೊಟ್ಟಿಗೆಯ ಸಗಣಿಯೇ ಗತಿ. ಅದನ್ನು ನೆನೆದರೆ ಕದಿರಪ್ಪನಿಗೆ ಅನ್ನ ಇಳಿಯುತ್ತಿರಲಿಲ್ಲ.

ದೊರೆ ನೆಟ್ಟಗೆ ಆ ಮುಳ್ಳಿನ ಬೇಲಿಯ ಮುಂದೆ ಹೋಗಿ ನಿಂತ. ತೋಟದಲ್ಲಿದ್ದ ಜಯರಾಮಪ್ಪ ಬಿಳಿ ಮುಖ ಕಂಡದ್ದೇ ತಡ, ಪಂಚೆ ಎತ್ತಿ ಕಟ್ಟಿ ಓಡಿಬಂದ. ಆಳನ್ನು ಕೂಗಲಿಲ್ಲ. ತನ್ನ ಉಂಗುರದ ಕೈಯಿಂದಲೇ ಮುಳ್ಳು ಎಳೆದು ಬಿಸಾಡಿ, ರಕ್ತ ಬಂದ ಬೆರಳು ಚೀಪುತ್ತ ಹಲ್ಲು ಕಿರಿದ. ಮಜ್ಜಿಗೆ ಬಂತು. ದೊರೆ ಹುಳುವಿನ ಮನೆಯ ಕಿಟಕಿಗೇ ಒರಗಿ ಚುಂಗಾಣಿಯ ಹೊಗೆ ಬಿಟ್ಟ. ಒಂದು ಹುಳುವೂ ಸಾಯಲಿಲ್ಲ. ಪಟೇಲನ ಬೆನ್ನು ಇಷ್ಟು ಬೇಗ ಬಗ್ಗುತ್ತದೆಂದು ಗೊತ್ತಿದ್ದರೆ ಇದರ ಮೇಲೆ ದಿಮ್ಮಿಯನ್ನೇ ಹೇರಬಹುದಿತ್ತು ಅನ್ನಿಸಿತು ಕದಿರಪ್ಪನಿಗೆ.

ವಾಪಸು ಬರುತ್ತ ಅವನೇ ದೊರೆಯ ಕಿವಿಗೆ ಹಾಕಿದ. "ಇಲ್ಲೂ ನಿಮ್ಮೂರ ಪಟ್ಟೆ ಬಳ್ದ್ರೆ ನಿಮ್ಮ ಸ್ನೇಹಿತ್ರು ದಾರಿ ತಪ್ಪಲ್ಲ ಸ್ವಾಮಿ. ಬಣ್ಣ ಕೊಡ್ಸಿ, ನಾ ಬಳೀತೀನಿ."

ದೊರೆಗೆ ಸ್ವರ್ಗವೇ ಕೈಗೆ ಬಂದಂತಾಯಿತು. ಎರಡು ಡಬ್ಬಿ ಬಣ್ಣ ಬಂತು, ಬ್ರಷ್ಷು ಬಂತು. ಕದಿರಪ್ಪ ಸಂಜೆ ಹೊತ್ತು ಗುಡ್ಡದಿಂದ ಹಿಡಿದು ಏರಿಯ ಕೊನೆಯವರೆಗೆ ಕಲ್ಲುಕಲ್ಲಿಗೂ ಬಳಿದ. ಮೇಲೆ ಕೆಂಪು, ಕೆಳಗೆ ಬಿಳಿ. ಏರಿಯ ಮೇಲೆ ಬೇಕಾದ್ದಕ್ಕಿಂತ ಹೆಚ್ಚೇ ಬಳಿದ. ಜಯರಾಮಪ್ಪ ತೋಟದಲ್ಲಿ ನಿಂತು ನೋಡಿದ, ದೊರೆಯ ಅಪ್ಪಣೆ ಅಂದದ್ದಕ್ಕೆ ತುಟಿ ಬಿಚ್ಚಲಿಲ್ಲ.

"ನಾಳೆಯಿಂದ ಏರಿ ಮ್ಯಾಲೆ ಓಗಮ್ಮ," ಎಂದ ಕದಿರಪ್ಪ ಮನೆಗೆ ಬಂದು. "ಅದು ದಾರಿ ಅಂತ ಗುರ್ತು ಮಾಡಿವ್ನಿ. ಯಾವನೂ ಕೇಳಂಗಿಲ್ಲ."

ಬೆಳಿಗ್ಗೆ ದೊಡ್ಡಮುನಿಯಮ್ಮ ಬುಟ್ಟಿ ಹೊತ್ತು ಹೋದಳು. ಹಿಂದೆ ಕೇರಿಯ ಮುನಿಶಾಮಮ್ಮ, ಅವಳ ಹಿಂದೆ ಇನ್ನಿಬ್ಬರು. ಏರಿಯ ಮೊದಲ ಕಲ್ಲು ಕಂಡದ್ದೇ ದೊಡ್ಡಮುನಿಯಮ್ಮ ನಿಂತಳು. ಕೆಂಪು, ಬಿಳಿ. ಗುಡಿಯ ಗೋಡೆಗೆ ಸುಣ್ಣ ಕೆಮ್ಮಣ್ಣು ಎಳೆದ ಹಾಗೆಯೇ ಪಟ್ಟೆ. ಬುಟ್ಟಿ ಇಳಿಸಿದಳು. ಸೆರಗು ಹೊದ್ದು ಕೈ ಮುಗಿದಳು. ಉಳಿದ ಮೂವರೂ ಮುಗಿದರು. ಮಾರಮ್ಮ ಎಲ್ಲೆ ಹಾಕಿಕೊಂಡು ಕೂತಿದ್ದಾಳೆ, ಅವಳನ್ನು ಕೇಳದೆ ದಾಟುವುದು ಹೇಗೆ ಎಂದು ನಾಲ್ವರೂ ಹಿಂದಿರುಗಿ, ಮತ್ತೆ ಗುಡ್ಡವನ್ನೇ ಬಳಸಿ ಹೋದರು. ಸಂಜೆಗೆ ಏರಿಯ ಅಷ್ಟೂ ಕಲ್ಲುಗಳಿಗೆ ಅರಿಸಿನ ಕುಂಕುಮ ಮೆತ್ತಿತ್ತು.

ಕದಿರಪ್ಪ ತಾಯಿಯ ಎದುರು ನಿಂತು ಹಲ್ಲು ಕಡಿದ. "ನಾನೇ ಬಳ್ದಿದ್ದು ಕಣಮ್ಮ. ಈ ಕೈ ನೋಡು, ಉಗುರಾಗೆ ಇನ್ನೂ ಬಣ್ಣ ಐತೆ."

"ಬಳ್ದೋನು ನೀನೇ ಇರ್ಬೌದು. ಬಳ್ಸಿದ್ದು ಯಾರು?"

"ಆ ಇಟ್ಲಿ ದೊರೆ."

"ಅವ್ನ ತಲೇಗೆ ಆಕಿದ್ದು ಯಾರು?"

"ನಾನು."

"ನಿನ್ ತಲೇಗೆ?"

ಕದಿರಪ್ಪ ತಿರುಗಿ ಹೊರಗೆ ಹೋದ. ಒದೆಸಿಕೊಳ್ಳುವುದಕ್ಕೇ ಹುಟ್ಟಿದ ಜನ ಇದು, ಬಾಗಿಲು ತೆಗೆದುಕೊಟ್ಟರೆ ಬಾಗಿಲಿಗೇ ಕೈ ಮುಗಿಯುತ್ತದೆ ಎಂದು ಬೈದುಕೊಂಡ. ಹೆತ್ತವಳೆಂದು ಆ ಬೈಗುಳದಿಂದ ಅವಳನ್ನು ಬಿಡಲಿಲ್ಲ.

ಆದರೆ ಜಯರಾಮಪ್ಪನಿಗೆ ಬಣ್ಣದ ಡಬ್ಬಿಯೂ ಗೊತ್ತು, ಬ್ರಷ್ಷೂ ಗೊತ್ತು. ಅವನು ಕೈ ಮುಗಿದದ್ದು ಬೇರೆ ಲೆಕ್ಕದಲ್ಲಿ. ಎರಡು ದಿನ ಬಿಟ್ಟು ಏರಿಯ ಬಾಯಿಗೆ ನಾಲ್ಕು ಬಿದಿರ ಗಳ ನೆಟ್ಟು, ಸೋಗೆ ಹೊದಿಸಿ ಚಪ್ಪರ ಹಾಕಿಸಿದ. ಮೊದಲಿನ ಕಲ್ಲಿಗೆ ತಾನೇ ಬೇವಿನ ಸೊಪ್ಪು ಕಟ್ಟಿದ. ಆಮೇಲೆ ಎಸೆದಿದ್ದ ಮುಳ್ಳನ್ನೇ ಆರಿಸಿ ತಂದು, ಹೊಸದಾಗಿ ಬೇಲಿ ಕಟ್ಟಿಸಿದ. ತಾಯಿ ಬಂದು ಕೂತ ಜಾಗ, ಇನ್ನು ಮೇಲೆ ಮಡಿ. ಕೇರಿಯವರು ಬೇಕಾದರೆ ದೂರದಿಂದ ಕೈ ಮುಗಿಯಲಿ ಎಂದು ಡಂಗುರ ಸಾರಿಸಿದ. ಮೊದಲು ಹುಳುವಿನ ಹೆಸರಲ್ಲಿ ಮುಚ್ಚಿದ್ದ ದಾರಿಯನ್ನು ಈಗ ದೇವರ ಹೆಸರಲ್ಲಿ ಮುಚ್ಚಿದ. ಹುಳುವಾದರೆ ಗೂಡು ಕಟ್ಟಿ ಮುಗಿಸಿ ಹೋಗುತ್ತದೆ, ದೇವರು ಹೋಗುವುದುಂಟೇ?

ಕದಿರಪ್ಪ ಯಾರ್ಡಿನಲ್ಲಿ ದೊರೆಯನ್ನು ಅಡ್ಡಗಟ್ಟಿದ. ಪಕ್ಕದಲ್ಲಿ ಕುಪ್ಪುಸ್ವಾಮಿ ಕಣ್ಣು ಕೆಕ್ಕರಿಸುತ್ತಿದ್ದರೂ ಬಿಡಲಿಲ್ಲ.

"ಸ್ವಾಮಿ, ನೀವು ಬಳ್ಸಿದ ಕಲ್ಲನ್ನ ದೇವ್ರು ಮಾಡ್ಕೊಂಡವ್ನೆ ಪಟೇಲ. ದಾರಿ ಮುಚ್ಚವ್ನೆ. ಅದು ದೇವ್ರಲ್ಲ, ದಾರಿ ಗುರ್ತು, ಯಾರ್ ಬೇಕಾದ್ರೂ ಓಗ್ಬೌದು ಅಂತ ನೀವೊಂದು ಮಾತು ಏಳಿ. ನಿಮ್ ಮಾತು ಕೇಳ್ತಾನೆ."

ದೊರೆಯ ಮುಖ ಊರಗಲವಾಯಿತು. ಅವನ ಊರಿನಲ್ಲೂ ಹೀಗೆಯೇ ಅಂತೆ. ದಾರಿಯ ತಿರುವುಗಳಲ್ಲಿ ಸಣ್ಣ ಗೂಡು ಕಟ್ಟಿ, ಅದರೊಳಗೆ ಮಾತೆ ಮೇರಿಯನ್ನು ಇಟ್ಟು, ಹೂ ಏರಿಸಿ ಮುಂದೆ ಹೋಗುತ್ತಾರಂತೆ. ಎಷ್ಟು ಚೆಂದ, ಎಷ್ಟು ಚೆಂದ ಎಂದ. ಭಾನುವಾರ ಕ್ಲಬ್ಬಿನವರನ್ನೆಲ್ಲ ಕರೆತರುತ್ತೇನೆ, ಕ್ಯಾಮೆರಾ ತರುತ್ತೇನೆ ಎಂದ.

"ದಾರಿ ಸ್ವಾಮಿ," ಎಂದ ಕದಿರಪ್ಪ. "ಮುಚ್ಚವ್ನೆ."

"ನಮಗೆ ತೆಗೀತಾನೆ," ಎಂದು ದೊರೆ ಅವನ ಬೆನ್ನು ತಟ್ಟಿ ಹೋದ.

ಕುಪ್ಪುಸ್ವಾಮಿ ಹತ್ತಿರ ಬಂದ. "ಪೋಡಾ ಪೈತ್ಯಕಾರ, ಹುಚ್ಚಾ. ದೊರೆ ನಡಿಯೋದಕ್ಕೆ ದಾರಿ ಕೇಳಿದ್ದು, ನೀನು ನಡಿಯೋದಕ್ಕಾ?"

ಆ ಚಿತ್ರದೊಳಗಿನ ನೀಲಿ ನೀರಿಗೆ ದೊರೆಯನ್ನು ಕತ್ತು ಹಿಡಿದು ಅದ್ದಬೇಕು ಅನ್ನಿಸಿತು ಕದಿರಪ್ಪನಿಗೆ. ಯಾರೂ ಕೇಳುವುದಿಲ್ಲ ಎಂದು ಇವನು ಹೇಳಿದ್ದು ನಿಜವೇ ಇರಬೇಕು. ಇವನನ್ನು ಯಾರೂ ಕೇಳಿಲ್ಲ. ಜಗತ್ತಿನಲ್ಲಿ ಯಾರನ್ನೂ ಕೇಳುವುದಿಲ್ಲ ಎಂದು ತಿಳಿದುಕೊಂಡಿದ್ದಾನೆ.

ಭಾನುವಾರ ದೊರೆಗಳ ಹಿಂಡು ಬಂತು. ಹೆಂಗಸರು ಟೋಪಿ ಹಾಕಿದ್ದರು, ಗಂಡಸರು ಚಡ್ಡಿ. ಕದಿರಪ್ಪ ಮುಂದೆ ಬುಟ್ಟಿ ಹೊತ್ತಿದ್ದ. ಬಿಡಬಹುದಿತ್ತು, ಕೆಲಸವೂ ಹೋಗುತ್ತಿತ್ತು. ಏರಿಯ ಬಾಯಲ್ಲಿ ಊರಿನವರು ಸೇರಿದ್ದರು. ಜಯರಾಮಪ್ಪ ರೇಷ್ಮೆ ವಲ್ಲಿ ಹೊದ್ದು, ಎಳನೀರು ಕೆತ್ತಿಸಿಟ್ಟುಕೊಂಡು, ಬೇಲಿ ಸರಿಸಿ ನಿಂತಿದ್ದ. ಹಿಂಡು ಚಪ್ಪರದ ಕೆಳಗೇ ಹಾದು ಏರಿ ಹತ್ತಿತು. ಮೊಳೆ ಬಡಿದ ಬೂಟುಗಳು ಕುಂಕುಮ ಅರಿಸಿನವನ್ನು ತುಳಿದುಕೊಂಡು ಹೋದವು. ಒಬ್ಬ ಕೆಂಪು ಮೂತಿಯವನು ಪಟ್ಟೆ ಕಲ್ಲಿನ ಮೇಲೆ ಕಾಲಿಟ್ಟು ಬೂಟಿನ ಲಾಡಿ ಬಿಗಿದ. ಊರಿನವರು ಪಟೇಲನ ಮುಖ ನೋಡಿದರು. ಪಟೇಲ ಅವನ ಕೈಗೊಂದು ಎಳನೀರು ಕೊಟ್ಟ.

ಆಗ ಕೇರಿಯ ಕಡೆಯಿಂದ ಹೆಂಗಸರು ಬಂದರು. ಮುಂದೆ ದೊಡ್ಡಮುನಿಯಮ್ಮ, ತಲೆಯ ಮೇಲೆ ಬೇವು ಸುತ್ತಿದ ಮಡಕೆ. ಕುಂಟುತ್ತಿದ್ದಳು. ಅವಸರವಿರಲಿಲ್ಲ. ನೆಟ್ಟಗೆ ಬಂದು ಬೇಲಿಯ ಬಳಿ ನಿಂತಳು.

"ಅಲ್ಲೇ ನಿಲ್ಲು," ಎಂದ ಜಯರಾಮಪ್ಪ. "ಮಡಿ ಅಂತ ಏಳ್ಸಿಲ್ವಾ?"

"ಏಳ್ಸಿದ್ರಿ ಪಟೇಲಪ್ಪ. ಅದ್ಕೇ ಕೇಳಾಕೆ ಬಂದೆ. ಇದು ಮಾರಮ್ಮನ ಎಲ್ಲೆ ಕಲ್ಲು ಅಂತ ನೀವೂ ಒಪ್ಪಿದೀರಾ?"

"ಒಪ್ದೆ ಚಪ್ಪರ ಆಕ್ಸಿದ್ನಾ?"

"ಊರ್ ಮುಂದೆ ಏಳಿ."

"ಎಲ್ಲೆ ಕಲ್ಲೇ. ತಾಯಿ ಬಂದು ಕುಂತವ್ಳೆ," ಎಂದ ಜಯರಾಮಪ್ಪ ಊರಿನವರಿಗೆ ಕೇಳುವ ಹಾಗೆ.

"ಅಂಗಾರೆ ಎಲ್ಲೆಗೆ ಚರಗ ಎರಚೋರು ಯಾರು?"

ಆ ಊರಿನಲ್ಲಿ ಮಾರಮ್ಮನಿಗೆ ಪೂಜೆಯಾದಾಗ ಅರಿಸಿನದ ಅನ್ನವನ್ನು ಎಲ್ಲೆಯುದ್ದಕ್ಕೂ ಎರಚಿಕೊಂಡು ಹೋಗುವುದು ಕೇರಿಯವರೇ. ಅದೇ ಚರಗ. ಅವರ ಕಾಲು ಮುಂದೆ ಬಿದ್ದ ಮೇಲೆಯೇ ಊರಿನವರ ಕಾಲು. ಅಜ್ಜ ಮುತ್ತಜ್ಜಂದಿರ ಕಾಲದ ಕಟ್ಟು. ಕೇರಿಯವರನ್ನು ಬಾವಿಗೆ ಬಿಡದವರೂ ಈ ಕಟ್ಟು ಮುರಿಯುವುದಕ್ಕೆ ಹೆದರುತ್ತಿದ್ದರು.

"ಚರಗ ಬೀಳ್ದೆ ಎಲ್ಲೆ ಮ್ಯಾಲೆ ಯಾರ ಕಾಲೂ ಬೀಳ್ಬಾರ್ದು," ಎಂದಳು ದೊಡ್ಡಮುನಿಯಮ್ಮ. ಅವಳ ದನಿ ಸೊಪ್ಪಿನ ಬೆಲೆ ಹೇಳುವಾಗ ಇರುವಷ್ಟೇ ಇತ್ತು. "ನೀವು ಬೂಟ್ ಕಾಲು ಬಿಟ್ರಿ. ಬಿಡಿ, ನಿಮ್ ದೇವ್ರು, ನಿಮ್ ಇಷ್ಟ. ನಾಳೆ ದನಕ್ಕೆ ರೋಗ ಬಂದ್ರೆ, ಮಕ್ಳಿಗೆ ಅಮ್ಮ ಬಂದ್ರೆ, ನಮ್ಮನ್ನ ಕರೀಬೇಡಿ. ಬೂಟ್ನೋರನ್ನ ಕರ್ಕೊಳಿ."

ಹಿಂದಿನಿಂದ ಯಾರೋ ಒಬ್ಬ ಮುದುಕ, "ಅವ್ಳು ಏಳೋದ್ರಾಗೆ ತಪ್ಪೇನೈತೆ ಜಯರಾಮಪ್ಪ," ಎಂದ. ಇನ್ನೊಬ್ಬ, "ಮೊದ್ಲೇ ನಮ್ ಕರ ಮೇವು ಬಿಟ್ಟೈತೆ," ಎಂದ. ಮೇವು ಬಿಟ್ಟ ಕರು ಆ ಗಳಿಗೆಯಲ್ಲಿ ಇಡೀ ಊರಿನ ಕರುವಾಯಿತು. ಅಷ್ಟು ಜನರೂ ಒಬ್ಬನನ್ನೇ ನೋಡತೊಡಗಿದರು. ಜಯರಾಮಪ್ಪನಿಗೆ ನಗು ಬರಲಿಲ್ಲ. ಅದು ಬಣ್ಣ ಕಣ್ರಯ್ಯ, ಪೇಟೆಯ ಅಂಗಡಿಯ ಬಣ್ಣ ಎನ್ನಬಹುದಿತ್ತು. ಅಂದರೆ ಚಪ್ಪರವನ್ನೂ ತಾನೇ ಕೀಳಬೇಕು.

"ಆಗಿದ್ದಾಯ್ತು," ಎಂದ. "ಚರಗ ಚೆಲ್ಲಿ ಓಗಿ ಇವತ್ತು."

"ಇವತ್ತೊಂದಿನಕ್ಕೆ ತಾಯಿ ಎದ್ದೋಗ್ತಾಳಾ? ಕುಂತೋಳಿಗೆ ದಿನಾ ಬೇಕು. ಒತ್ತಾರೆ, ಯಾರ ಕಾಲೂ ಬೀಳೋಕ್ ಮುಂಚೆ. ಈ ಬೇಲಿ ಇದ್ರೆ ಎಂಗ್ ಬರಾನ?"

ಜಯರಾಮಪ್ಪ ಆಳಿಗೆ ಕಣ್ಣು ಮಾಡಿದ. ಮುಳ್ಳಿನ ಬೇಲಿಯನ್ನು ಬುಡಸಮೇತ ಕಿತ್ತು ಕೆರೆಗೆ ಎಸೆದರು. ದೊಡ್ಡಮುನಿಯಮ್ಮ ಅನ್ನ ಎರಚುತ್ತ ಏರಿಯ ಮೇಲೆ ನಡೆದಳು. ರೊಟ್ಟಿಯ ತುಂಡು ಕಚ್ಚುತ್ತ ಕೂತಿದ್ದ ದೊರೆಗಳು ಎದ್ದು ದಾರಿ ಬಿಟ್ಟರು. ಬಿಯಾಂಕಿ ಅವಳ ಫೋಟೋ ಹಿಡಿದ.

ಸಂಜೆ ಗುಡಿಸಿಲಿನಲ್ಲಿ ಕದಿರಪ್ಪ ಮುಖ ಗಂಟಿಕ್ಕಿ ಕೂತಿದ್ದ. ದೊಡ್ಡಮುನಿಯಮ್ಮ ಮಂಡಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಖುಷಿಯಾಗ್ಲಿಲ್ವೇನ್ಲಾ?"

"ನೀನು ದೇವ್ರ ಎಸ್ರೇಳಿ ಬೇಡ್ಕೊಂಡೆ. ದಾರಿ ನಮ್ದು. ನಮ್ ದಾರೀಗೆ ನಾವ್ಯಾಕೆ ಅನ್ನ ಎರಚ್ಕೊಂಡ್ ಓಗ್ಬೇಕು? ಆ ದೊರೆ ಊರಾಗೆ ಸುಮ್ಕೆ ಓಗ್ತಾರಂತೆ."

"ಅಂಗಾರೆ ಅಲ್ಗೋಗು."

"ನಿಂಗೆ ನಿಜ್ವಾಗ್ಲೂ ಅದು ಮಾರಮ್ಮ ಅಂತಾನೇ ಐತಾ?"

"ನಂಗೆ ಮಂಡಿ ನೋಯ್ತೈತೆ," ಎಂದಳು ಅವಳು. "ಎಣ್ಣೆ ಬಟ್ಲು ಇತ್ತ ತಳ್ಳು."

ಅವಳ ಮೇಲಿನ ತಾತ್ಸಾರವನ್ನು ಇನ್ನು ಎಲ್ಲಿಡಬೇಕೆಂದು ಕದಿರಪ್ಪನಿಗೆ ತಿಳಿಯಲಿಲ್ಲ. ಕಲ್ಲಿಗೆ ಕೈ ಮುಗಿದವರನ್ನೆಲ್ಲ ಮೂರ್ಖರೆಂದು ಅವನು ಬೈದಿದ್ದ. ಅವಳು ಬೈದಿರಲಿಲ್ಲ, ಬಳಸಿಕೊಂಡಿದ್ದಳು. ಅದಕ್ಕೂ ಅವನಿಗೆ ಸಿಟ್ಟೇ ಬಂತು.

ಮಾರನೇ ಬೆಳಿಗ್ಗೆ ಹೆಂಗಸರು ಬುಟ್ಟಿ ಹೊತ್ತು, ಸೊಪ್ಪಿನ ಮೇಲೊಂದು ಹಿಡಿ ಅರಿಸಿನದನ್ನ ಇಟ್ಟುಕೊಂಡು ಏರಿ ಹತ್ತಿ ಹೋದರು. ಅವರು ಕಣ್ಮರೆಯಾಗುವವರೆಗೆ ಕದಿರಪ್ಪ ಕಾದ. ಆಮೇಲೆ ಹೊರಟ. ಕೈಯಲ್ಲಿ ಅನ್ನವಿರಲಿಲ್ಲ, ಹಣೆಗೆ ಕುಂಕುಮವಿರಲಿಲ್ಲ, ಟೈರಿನ ಚಪ್ಪಲಿ ಕಾಲಲ್ಲೇ ಇತ್ತು.

ಜಯರಾಮಪ್ಪ ಏರಿಯ ಮೇಲೆ ಒಬ್ಬನೇ ಇದ್ದ. ಕದಿರಪ್ಪನ ಕಾಲು ನೋಡಿದ. "ಚರಗ ಎಲ್ಲೋ?"

"ಚೆಲ್ಲೋರು ಚೆಲ್ಲವ್ರೆ. ನಾನು ಕೆಲಸಕ್ಕೆ ಓಗ್ತಿವ್ನಿ."

"ಕೆರ ಬಿಟ್ಟು ಓಗೋ."

"ನೆನ್ನೆ ಬೂಟು ಬಿಡ್ಸಿದ್ರಾ?"

ಕದಿರಪ್ಪ ನಿಲ್ಲಲಿಲ್ಲ. ಚಪ್ಪಲಿ ಪಟಪಟ ಎನ್ನುತ್ತ ಪಟೇಲನ ಮೈಗೆ ತಾಗುವಷ್ಟು ಹತ್ತಿರಕ್ಕೆ ಬಂದಿತು. ಜಯರಾಮಪ್ಪ ಸುತ್ತ ನೋಡಿದ. ಕೂಗಿದರೆ ಓಗೊಡಲು ಒಬ್ಬ ಆಳೂ ಇರಲಿಲ್ಲ. ಏರಿ ಕಿರಿದು. ಒಬ್ಬ ಹೋಗಬೇಕೆಂದರೆ ಇನ್ನೊಬ್ಬ ಇಳಿಯಬೇಕು. ಪಟೇಲ ಪಂಚೆ ಎತ್ತಿಕೊಂಡು ಹಿಪ್ಪುನೇರಳೆಯ ಕಡೆ ಎರಡು ಹೆಜ್ಜೆ ಇಳಿದ. ಇಳಿಯುವಾಗ ಕಾಲು ಪಟ್ಟೆ ಕಲ್ಲಿಗೆ ತಾಗಿತು. ಥಟ್ಟನೆ ಕಾಲು ಹಿಂದಕ್ಕೆಳೆದುಕೊಂಡು, ತಪ್ಪಾಯಿತೆಂದು ಎರಡೂ ಕೆನ್ನೆ ಬಡಿದುಕೊಂಡ. ನೋಡುವ ಊರಿನವರು ಯಾರೂ ಇಲ್ಲದಲ್ಲಿ, ಬಣ್ಣದ ಡಬ್ಬಿ ಕಣ್ಣಾರೆ ಕಂಡವನು ನಿಜವಾಗಿಯೇ ಬಡಿದುಕೊಂಡ.

ಕದಿರಪ್ಪ ಅದನ್ನು ನೋಡಿದ. ಕ್ಯಾಕರಿಸಿ ಕೆರೆಯ ಕಡೆ ಉಗಿದು, ಏರಿಯ ನಟ್ಟನಡುವೆ ನಡೆದುಕೊಂಡು ರಸ್ತೆಗೆ ಇಳಿದ.